ಉತ್ತರ ಸರಿ, ಮರ ವಾಲಿದೆ

ಮೊದಲ ಪ್ರೋಗ್ರಾಮಿಂಗ್ ಕೋರ್ಸ್‌ನಲ್ಲಿ ನನಗೆ ಒಳ್ಳೇ ಅಂಕ ಬಂದಿತ್ತು. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಆ ಕೋರ್ಸ್ ಪೈಥಾನ್‌ನಲ್ಲಿ ನಡೆದಿತ್ತು. ಲೂಪ್, ಫಂಕ್ಷನ್, ಲಿಸ್ಟ್, ಡಿಕ್ಷನರಿ, ಕೊನೆಗೊಂದು ಸಣ್ಣ ಪ್ರಾಜೆಕ್ಟ್. ಬರೆಯುವುದು, ಓಡಿಸುವುದು, ಉತ್ತರ ಸರಿ ಬಂದರೆ ಕಳಿಸಿ ಕೈ ತೊಳೆದುಕೊಳ್ಳುವುದು. ತಪ್ಪು ಬಂದರೆ ಅಲ್ಲೊಂದು ಇಲ್ಲೊಂದು ಸಾಲು ಬದಲಿಸಿ ಮತ್ತೆ ಓಡಿಸುವುದು. ಹತ್ತು ಸಲ ತಿರುವಿದರೆ ಒಂದು ಸಲವಾದರೂ ಸರಿಹೋಗುತ್ತಿತ್ತು. ಯಾಕೆ ಸರಿಹೋಯಿತು ಅಂತ ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಿಕೊಳ್ಳುತ್ತಿರಲಿಲ್ಲ.

ಎರಡನೆಯದು ‘ಪ್ರೋಗ್ರಾಮಿಂಗ್ ಮತ್ತು ಡೇಟಾ ಸ್ಟ್ರಕ್ಚರ್ಸ್’. ಭಾಷೆ ಸಿ. ಆರು ಅಸೈನ್‌ಮೆಂಟ್, ವಾರಕ್ಕೊಂದು ಲ್ಯಾಬ್, ಎರಡು ಪರೀಕ್ಷೆ. ಭಾಷೆ ಬೇರೆ ಅಷ್ಟೇ, ಬುದ್ಧಿ ಅದೇ ತಾನೇ ಅಂದುಕೊಂಡು ಹೋಗಿ ಕೂತೆ.

ಮೊದಲ ದಿನ ಮೇಷ್ಟ್ರು ಪಾಠ ಶುರು ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿದರು. “ಪೈಥಾನ್ ಲಿಸ್ಟ್‌ಗೆ ಹೊಸದೊಂದು ಸಂಖ್ಯೆ ಸೇರಿಸುತ್ತೀರಿ. ಅದು ಎಲ್ಲಿ ಹೋಗಿ ಕೂರುತ್ತೆ?”

“ಕೊನೆಯಲ್ಲಿ ಸರ್” ಅಂದರು ಯಾರೋ.

“ಕೊನೆಯಲ್ಲಿ ಜಾಗ ಇದೆ ಅಂತ ಯಾರು ಹೇಳಿದ್ದು?”

ಇದೆಂಥಾ ಪ್ರಶ್ನೆ ಅನ್ನಿಸಿತು. ಜಾಗ ಇರದೆ ಎಲ್ಲಿ ಹೋಗುತ್ತೆ? ಒಂದು ವರ್ಷ ದಿನಾ ಬಳಸಿದ ವಸ್ತು. ಅದರ ಕೆಳಗೆ ಏನಿದೆ ಅಂತ ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಮೊದಲ ಅಸೈನ್‌ಮೆಂಟ್ ಅದೇ ಪ್ರಶ್ನೆಯ ಮುಂದುವರಿಕೆ. ಬೆಳೆಯುವ ಅರೇ (ಸಂಖ್ಯೆಗಳನ್ನು ಸಾಲಾಗಿ ಇಡುವ ಜಾಗ) ಒಂದನ್ನು ನಾವೇ ಕಟ್ಟಬೇಕು. ಸಿಯಲ್ಲಿ ಅರೇ ತಾನಾಗಿ ಬೆಳೆಯುವುದಿಲ್ಲ. 10 ಸಂಖ್ಯೆಗೆ ಜಾಗ ಕೇಳಿದರೆ 10ಕ್ಕೇ ಸಿಗುತ್ತದೆ. 11ನೆಯದು ಬಂದರೆ ದೊಡ್ಡದೊಂದು ಜಾಗ ಹೊಸದಾಗಿ ಕೇಳಬೇಕು, ಹಳೆಯದನ್ನೆಲ್ಲ ಅಲ್ಲಿಗೆ ನಕಲು ಮಾಡಬೇಕು, ಹಳೆ ಜಾಗ ವಾಪಸ್ ಕೊಡಬೇಕು. ನಾನು ಒಂದು ಸಂಜೆಯಲ್ಲಿ ಬರೆದು ಮುಗಿಸಿದೆ. ತುಂಬಿದಾಗಲೆಲ್ಲ ಇನ್ನೂ 10 ಜಾಗ ಸೇರಿಸು. ಜಾಗವೂ ಪೋಲಾಗುವುದಿಲ್ಲ, ಎಂಥಾ ಅಚ್ಚುಕಟ್ಟು! ನಾನೇ ಕೊಟ್ಟ ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು. ಕಳಿಸಿದೆ.

ಬಂದದ್ದು ಅರ್ಧ ಅಂಕ. ಪಕ್ಕದಲ್ಲಿ ಒಂದೇ ಸಾಲು: ‘ಉತ್ತರ ಸರಿ. ಸಮಯ ಮೀರಿದೆ.’

ಅವರ ಪರೀಕ್ಷೆಯಲ್ಲಿ 10 ಲಕ್ಷ ಸಂಖ್ಯೆ ಸೇರಿಸುತ್ತಿದ್ದರು. ಲೆಕ್ಕ ಹಾಕಿ ನೋಡಿದೆ. 10 ಜಾಗ ತುಂಬಿದಾಗ 10 ನಕಲು, 20 ತುಂಬಿದಾಗ 20, ಆಮೇಲೆ 30, ಹೀಗೇ 10 ಲಕ್ಷದವರೆಗೆ. ಕೂಡಿದರೆ ಸುಮಾರು 5,000 ಕೋಟಿ ನಕಲು! ಅದೇ ಪ್ರತಿ ಸಲ ಇದ್ದ ಜಾಗದ ಎರಡರಷ್ಟು ಕೇಳಿದ್ದರೆ? 10, 20, 40, 80. ಎಲ್ಲ ಸೇರಿ ಸುಮಾರು 13 ಲಕ್ಷ. ಕಾಗದದ ಮೇಲೆ ಈ ಎರಡು ಸಂಖ್ಯೆ ಅಕ್ಕಪಕ್ಕ ಬರೆದು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ಕೋಡ್‌ನಲ್ಲಿ ವ್ಯತ್ಯಾಸ ಎಷ್ಟು? ಕೂಡುವ ಚಿಹ್ನೆ ಇದ್ದಲ್ಲಿ ಗುಣಿಸುವ ಚಿಹ್ನೆ, 10 ಇದ್ದಲ್ಲಿ 2. ಅಷ್ಟೇ.

ಡೇಟಾ ಹೆಚ್ಚಾದ ಹಾಗೆ ಕೆಲಸ ಎಷ್ಟು ಬೆಳೆಯುತ್ತದೆ ಅನ್ನುವ ಲೆಕ್ಕಕ್ಕೆ ಬಿಗ್ ಓ ಅಂತ ಮೊದಲ ಕೋರ್ಸ್‌ನಲ್ಲೂ ಹೇಳಿದ್ದರು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ. ಈ ಸಲ ಅಂಕ ಕಳೆದುಕೊಂಡು ಕಲಿತದ್ದಕ್ಕೋ ಏನೋ, ಮರೆಯಲೇ ಇಲ್ಲ.

ಆಮೇಲೆ ಪಾಯಿಂಟರ್ ಬಂತು. ಪಾಯಿಂಟರ್ ಅಂದರೆ ಮೆಮೊರಿಯಲ್ಲಿ ಒಂದು ಜಾಗದ ವಿಳಾಸ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಕೇಳಿದವರಿಗೆಲ್ಲ ಹಾಗೇ ಹೇಳುತ್ತಿದ್ದೆ. ಅರ್ಥ ಆಗಿದೆ ಅಂತಲೂ ನಂಬಿದ್ದೆ. ವಿಳಾಸ ಬರೆದ ಚೀಟಿಯನ್ನು ಇನ್ನೊಂದು ಚೀಟಿಗೆ ನಕಲು ಮಾಡಿದರೆ ಮನೆ ಎರಡಾಗುವುದಿಲ್ಲ ಅನ್ನುವುದು ಗೊತ್ತಿರುವ ವಿಷಯವೇ. ಆದರೂ ಮೊದಲ ಮೂರು ವಾರ ನಾನು ಮಾಡಿದ ತಪ್ಪುಗಳಲ್ಲಿ ಅರ್ಧ ಅದೇ. ಚೀಟಿ ನಕಲು ಮಾಡಿ ಮನೆಯೇ ನಕಲಾಯಿತು ಅಂದುಕೊಳ್ಳುತ್ತಿದ್ದೆ. ಒಂದರಲ್ಲಿ ಬದಲಿಸಿದರೆ ಇನ್ನೊಂದರಲ್ಲೂ ಬದಲಾಗಿ, ಕಂಪ್ಯೂಟರ್‌ಗೇ ಏನೋ ಆಗಿದೆ ಅಂತ ಅನುಮಾನ ಪಡುತ್ತಿದ್ದೆ.

ಪೈಥಾನ್ ಬಿದ್ದರೆ ಯಾವ ಸಾಲು, ಏನು ತಪ್ಪು ಅಂತ ಉದ್ದಕ್ಕೆ ವರದಿ ಕೊಡುತ್ತದೆ. ಸಿ ಹಾಗಲ್ಲ. ‘ಸೆಗ್ಮೆಂಟೇಶನ್ ಫಾಲ್ಟ್’ ಅಂತ ಎರಡು ಪದ ಉಗುಳಿ ಸುಮ್ಮನಾಗುತ್ತದೆ. ಮೊದಮೊದಲು ಅದನ್ನು ನೋಡಿದರೆ ಎದೆ ಧಸಕ್ಕೆನ್ನುತ್ತಿತ್ತು. ಆಮೇಲೆ ಗೊತ್ತಾಯಿತು, ಬೀಳುವ ಪ್ರೋಗ್ರಾಮ್ ಎಷ್ಟೋ ವಾಸಿ. ಹೆದರಬೇಕಾದದ್ದು ಬೀಳದೆ ಇರುವುದಕ್ಕೆ.

ಉದಾಹರಣೆಗೆ ಸಿಯ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಅದರ ಕೊನೆಯಲ್ಲಿ ಒಂದು ಸೊನ್ನೆ ಬೈಟ್ ಇರಬೇಕು. ಉದ್ದ ಹೇಳುವ ಫಂಕ್ಷನ್ ಆ ಸೊನ್ನೆಯನ್ನು ಎಣಿಸುವುದಿಲ್ಲ. ಹಾಗಾಗಿ ಜಾಗ ಕೇಳುವಾಗ ಒಂದು ಜಾಸ್ತಿ ಕೇಳಬೇಕು. ನಾನು ಕೇಳಿರಲಿಲ್ಲ. ಆದರೂ ವಾರಗಟ್ಟಲೆ ಓಡಿತು. ಯಾಕೆ ಅಂದರೆ ಮೆಮೊರಿ ಕೊಡುವ ಮ್ಯಾಲಕ್ ಸಾಮಾನ್ಯವಾಗಿ ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಎತ್ತಿಟ್ಟಿರುತ್ತದೆ. ಚಿಕ್ಕ ಪದಗಳಲ್ಲಿ ನನ್ನ ತಪ್ಪನ್ನು ಅದರ ಧಾರಾಳತನ ಮುಚ್ಚಿಹಾಕುತ್ತಿತ್ತು. ಆ ಹೆಚ್ಚುವರಿ ಜಾಗವನ್ನೂ ತುಂಬಿಬಿಡುವ ಉದ್ದದ ಪದವೊಂದು ಬಂದ ದಿನ ಬಂಡವಾಳ ಬಯಲಾಯಿತು.

ಎರಡನೇ ಅಸೈನ್‌ಮೆಂಟ್ ಲಿಂಕ್ಡ್ ಲಿಸ್ಟ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಎರಡು ರಾತ್ರಿ ತಿಂದದ್ದು ಇದೇ.

ಹೆಸರುಗಳ ಪಟ್ಟಿ. ಪ್ರತಿ ನೋಡ್‌ನಲ್ಲಿ ಒಂದು ಹೆಸರು, ಮುಂದಿನ ನೋಡ್ ಎಲ್ಲಿದೆ ಅನ್ನುವ ವಿಳಾಸ. ಕೊನೆಯ ನೋಡ್‌ನಲ್ಲಿ ವಿಳಾಸದ ಜಾಗದಲ್ಲಿ ನಲ್, ಅಂದರೆ ಮುಂದೆ ಏನೂ ಇಲ್ಲ. ಸೇರಿಸುವುದು, ಹುಡುಕುವುದು, ಅಳಿಸುವುದು, ಮೂರೂ ಬರೆದೆ. ಸಾವಿರ ಹೆಸರು ಸೇರಿಸಿ ನೋಡಿದೆ, ಸರಿ. ಹುಡುಕಿದೆ, ಸರಿ. ಸಾವಿರವನ್ನೂ ಅಳಿಸಿದೆ, ಅದೂ ಸರಿ. ಕಳಿಸುವ ಮುಂಚೆ ಸುಮ್ನೆ ಅಂತ ಒಂದು ಪರೀಕ್ಷೆ ಮಾಡಿದೆ. ಕೆಲವು ಅಳಿಸಿ, ಮತ್ತೆ ಕೆಲವು ಸೇರಿಸಿ, ಇಡೀ ಪಟ್ಟಿ ಮುದ್ರಿಸು. ಪಟ್ಟಿ ಮುಗಿಯಲೇ ಇಲ್ಲ. ಕೆಲವು ಹೆಸರು ಮತ್ತೆ ಮತ್ತೆ ಬಂದವು. ಇನ್ನೊಂದು ಸಲ ಓಡಿಸಿದರೆ ಅರ್ಧದಲ್ಲೇ ಬಿತ್ತು.

ಮೊದಲ ಕೋರ್ಸ್‌ನ ಚಾಳಿ ಬಿಡುತ್ತದಾ? ಸಾಲು ಬದಲಿಸು, ಓಡಿಸು. ಮತ್ತೆ ಬದಲಿಸು, ಓಡಿಸು. ಅಳಿಸುವ ಫಂಕ್ಷನ್ ಅನ್ನು ನಾಲ್ಕು ಸಲ ಹೊಸದಾಗಿ ಬರೆದೆ. ಪ್ರತಿ ಸಲ ಬೇರೆ ಥರ ಕೆಡುತ್ತಿತ್ತು. ನಡುನಡುವೆ ಮುದ್ರಿಸುವ ಸಾಲು ಹಾಕಿದರೆ ತಪ್ಪು ಮಾಯವಾಗುತ್ತಿತ್ತು, ತೆಗೆದರೆ ವಾಪಸ್. ಇದು ನನ್ನ ಜೊತೆ ಆಟ ಆಡುತ್ತಿದೆ ಅಂತಲೇ ಅನ್ನಿಸತೊಡಗಿತು.

ಮೂರನೇ ದಿನ ಲ್ಯಾಬ್‌ಗೆ ಹೋಗಿ ಟಿಎ (ಮೇಷ್ಟ್ರಿಗೆ ಪಾಠದಲ್ಲಿ ನೆರವಾಗುವ ಸಹಾಯಕರು) ಹತ್ತಿರ ಪರದೆ ತೋರಿಸಿದೆ. ಅವರು ಕೋಡ್ ಕಡೆ ನೋಡಲೇ ಇಲ್ಲ.

“ಚಿತ್ರ ಎಲ್ಲಿ?”

“ಯಾವ ಚಿತ್ರ?”

“ನಿಮ್ಮ ಲಿಸ್ಟ್‌ನ ಚಿತ್ರ. ಡಬ್ಬಿ, ಬಾಣ. ಬರೆದಿಲ್ವಾ? ಬರೆದು ಕರೀರಿ, ಬರ್ತೀನಿ.” ಮುಂದಿನ ಮೇಜಿಗೆ ಹೋಗಿಬಿಟ್ಟರು.

ಸಿಟ್ಟು ಬಂತು. ಚಿಕ್ಕ ಮಕ್ಕಳ ಹಾಗೆ ಡಬ್ಬಿ ಬರೆಯೋಕೆ ಹೇಳುತ್ತಾರಲ್ಲ ಅಂತ. ಪಕ್ಕದಲ್ಲಿ ಕೂತಿದ್ದ ಗೆಳತಿ ಪೆನ್ಸಿಲ್ ತಳ್ಳಿದಳು. “ಬರಿಯೋ, ಇನ್ನೇನು ಮಾಡ್ತೀಯ? ನಂಗೂ ಹೋದ ವಾರ ಹೀಗೇ ಅಂದ್ರು.”

ಬರೆದೆ. ಮೂರು ಡಬ್ಬಿ, ಮೂರು ಬಾಣ. ಹೊಸ ನೋಡ್ ತರುವ ನನ್ನ ಕೋಡ್‌ನ ಒಂದೊಂದು ಸಾಲನ್ನೂ ಓದಿ, ಅದು ಹೇಳಿದ್ದನ್ನು ಮಾತ್ರ ಚಿತ್ರದಲ್ಲಿ ಮಾಡಬೇಕು, ನಾನು ಅಂದುಕೊಂಡದ್ದನ್ನಲ್ಲ. ಜಾಗ ಕೇಳು: ಡಬ್ಬಿ ಬರೆದೆ. ಹೆಸರು ತುಂಬು: ತುಂಬಿದೆ. ಕೊನೆಯ ನೋಡ್‌ನಿಂದ ಇದಕ್ಕೆ ಬಾಣ: ಎಳೆದೆ. ಈ ಹೊಸ ಡಬ್ಬಿಯಿಂದ ಹೊರಗೆ ಹೋಗುವ ಬಾಣ? ಕೋಡ್‌ನಲ್ಲಿ ಅಂಥ ಸಾಲೇ ಇರಲಿಲ್ಲ. ಪೆನ್ಸಿಲ್ ಅಲ್ಲೇ ನಿಂತಿತು.

ಹೊಸ ನೋಡ್‌ನ ಮುಂದಿನ ವಿಳಾಸಕ್ಕೆ ನಲ್ ಹಾಕುವುದನ್ನೇ ಮರೆತಿದ್ದೆ. ಹಾಗಾದರೆ ಮೊದಲು ಹೇಗೆ ಓಡಿತು? ಆಪರೇಟಿಂಗ್ ಸಿಸ್ಟಮ್ ಒಂದು ಪ್ರೋಗ್ರಾಮ್‌ಗೆ ಹೊಸದಾಗಿ ಮೆಮೊರಿ ಕೊಡುವಾಗ ಅದನ್ನು ಸೊನ್ನೆ ಮಾಡಿ ಕೊಡುತ್ತದೆ. ಸೊನ್ನೆ ಅಂದರೆ ನಲ್. ಸುಮ್ಮನೆ ಸೇರಿಸುತ್ತಾ ಹೋದಷ್ಟು ಹೊತ್ತೂ ಬಿಟ್ಟಿ ನಲ್ ಸಿಗುತ್ತಿತ್ತು. ಅಳಿಸಿದ ಮೇಲೆ ಕೇಳಿದರೆ ಮ್ಯಾಲಕ್ ಅದೇ ಬಳಸಿದ ಜಾಗವನ್ನು ತಿರುಗಿ ಕೊಡುತ್ತದೆ, ತೊಳೆಯದೆ. ಅದರೊಳಗೆ ಹಳೆಯ ವಿಳಾಸ ಹಾಗೇ ಕೂತಿರುತ್ತದೆ. ಕೊನೆಯ ನೋಡ್ ಅನ್ನಿಸಿಕೊಂಡದ್ದು ಹಿಂದೆಂದೋ ತನ್ನ ಮುಂದಿದ್ದವರ ಕಡೆಗೆ ಬೆರಳು ತೋರಿಸುತ್ತಿತ್ತು. ನಾನು ಎರಡು ರಾತ್ರಿ ಅಳಿಸುವ ಫಂಕ್ಷನ್‌ನಲ್ಲಿ ಹುಡುಕಿದೆ. ತಪ್ಪು ಸೇರಿಸುವ ಫಂಕ್ಷನ್‌ನಲ್ಲಿತ್ತು.

ಒಂದು ಸಾಲು ಸೇರಿಸಿದೆ. ಸರಿಹೋಯಿತು. ಟಿಎ ಅವರನ್ನು ಕರೆಯಲೇ ಇಲ್ಲ, ನಾಚಿಕೆ.

ಈ ನಲ್ ಅನ್ನುವುದರ ಹಿಂದೆ ಒಂದು ಕಥೆ ಇದೆ. ಮೇಷ್ಟ್ರು ಹೇಳಿದ್ದು. ಪಟ್ಟಿಯನ್ನು ಬೇಗ ಕ್ರಮಕ್ಕೆ ತರುವ ಕ್ವಿಕ್‌ಸಾರ್ಟ್ ವಿಧಾನ ಕೊಟ್ಟ ಟೋನಿ ಹೋರ್ 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗಾಗಿ ನಲ್ ಸೇರಿಸಿದರು, ಮಾಡುವುದು ಸುಲಭವಾಗಿತ್ತು ಅಂತ. 2009ರಲ್ಲಿ ಅವರೇ ಅದನ್ನು ನೂರು ಕೋಟಿ ಡಾಲರಿನ ತಪ್ಪು ಅಂತ ಕರೆದರು. ಅಷ್ಟು ದೊಡ್ಡವರೇ ಒಪ್ಪಿಕೊಂಡ ಮೇಲೆ ನನ್ನದೇನು ಮಹಾ ಅಂತ ಸಮಾಧಾನ ಮಾಡಿಕೊಂಡೆ. ನನ್ನ ತಪ್ಪು ಮಾತ್ರ ಉಲ್ಟಾ, ಇರಬೇಕಾದ ಕಡೆ ನಲ್ ಹಾಕದೇ ಇದ್ದದ್ದು.

ಅದೇ ಅಸೈನ್‌ಮೆಂಟ್‌ನಲ್ಲಿ ಇನ್ನೊಂದು ಪೆಟ್ಟೂ ಕಾದಿತ್ತು. ವ್ಯಾಲ್‌ಗ್ರಿಂಡ್ ಅಂತ ಒಂದು ಸಲಕರಣೆ ಇದೆ. ನಿಮ್ಮ ಪ್ರೋಗ್ರಾಮ್ ತೆಗೆದುಕೊಂಡ ಮೆಮೊರಿಯನ್ನೆಲ್ಲ ಅದು ಲೆಕ್ಕ ಇಡುತ್ತದೆ. ನನ್ನದನ್ನು ಅದರ ಕೆಳಗೆ ಓಡಿಸಿದರೆ ಒಟ್ಟು 40,000 ಬೈಟ್ ಸೋರಿದೆ ಅಂದಿತು. ಕೊನೆಗೆ ಇಡೀ ಪಟ್ಟಿಯನ್ನು ಒಂದೇ ಏಟಿಗೆ ಖಾಲಿ ಮಾಡಿದೆ ಅಂತ ನಾನು ಹೆಮ್ಮೆಪಟ್ಟಿದ್ದ ಸಾವಿರ ನೋಡ್‌ಗಳು, ಒಂದೊಂದೂ 40 ಬೈಟ್. ಒಂದೊಂದಾಗಿ ಅಳಿಸುವಾಗ ಡಬ್ಬಿ ವಾಪಸ್ ಕೊಡುತ್ತಿದ್ದೆ, ಇಲ್ಲಿ ಮಾತ್ರ ಬಾಣ ಕಿತ್ತುಹಾಕಿ ಡಬ್ಬಿ ವಾಪಸ್ ಕೊಟ್ಟಿರಲಿಲ್ಲ. ಮುದ್ರಿಸಿದರೆ ಪಟ್ಟಿ ಖಾಲಿ, ಉತ್ತರ ಸರಿ. ಮೆಮೊರಿಯಲ್ಲಿ ಮಾತ್ರ ಯಾರಿಗೂ ವಿಳಾಸ ಗೊತ್ತಿಲ್ಲದ ಸಾವಿರ ಡಬ್ಬಿಗಳು ಬಿದ್ದುಕೊಂಡಿದ್ದವು.

ಸ್ಟ್ಯಾಕ್ (ಕೊನೆಗೆ ಇಟ್ಟದ್ದು ಮೊದಲು ಹೊರಗೆ) ಮತ್ತು ಕ್ಯೂ (ಮೊದಲು ಬಂದದ್ದು ಮೊದಲು ಹೊರಗೆ) ಬೇಗ ಮುಗಿದವು. ಸ್ಟ್ಯಾಕ್‌ನಲ್ಲಿ ಕಷ್ಟವೇನಿಲ್ಲ. ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ಸುತ್ತಿ ಬರುವ ವರ್ತುಲ ಕ್ಯೂ ಒಂದು ಸಂಜೆ ಕಾಡಿಸಿತು. ಮುಂದಿನ ಗುರುತು, ಹಿಂದಿನ ಗುರುತು ಎರಡೂ ಒಂದೇ ಕಡೆ ಬಂದು ನಿಂತರೆ ಕ್ಯೂ ಖಾಲಿಯೋ, ತುಂಬಿದೆಯೋ? ಎರಡರಲ್ಲೂ ಚಿತ್ರ ಒಂದೇ ಥರ. ಒಂದು ಜಾಗ ಬೇಕೆಂದೇ ಖಾಲಿ ಬಿಡಬೇಕು, ಇಲ್ಲವೇ ಎಷ್ಟಿವೆ ಅಂತ ಬೇರೆ ಎಣಿಸಿಡಬೇಕು. ನಾನು ಎಣಿಸಿಟ್ಟೆ. ಕ್ರಮವಾಗಿ ಜೋಡಿಸುವ ಸಾರ್ಟಿಂಗ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ, ಎಲ್ಲರೂ ಮಾಡುವುದನ್ನೇ ಮಾಡಿದೆ.

ನಡುವಿನ ಪರೀಕ್ಷೆ ಕಾಗದದ ಮೇಲೆ. ಕೋಡ್ ಅನ್ನು ಪೆನ್ನಲ್ಲಿ ಬರೆಯುವುದು ಅನ್ಯಾಯ ಅಂತ ನಾವೆಲ್ಲ ಗೊಣಗಿದ್ದೆವು. ಓಡಿಸಿ ನೋಡದೆ ಹೇಗೆ ಬರೆಯುವುದು? ಈಗ ಅನ್ನಿಸುತ್ತದೆ, ಓಡಿಸಿ ನೋಡುವ ದಾರಿ ಮುಚ್ಚುವುದೇ ಅದರ ಉದ್ದೇಶ. ಲಿಂಕ್ಡ್ ಲಿಸ್ಟ್ ಅನ್ನು ತಿರುವಿ ಹಾಕುವ ಪ್ರಶ್ನೆ ಇತ್ತು. ಮೂರು ಪಾಯಿಂಟರ್ ಹಿಡಿದು ಒಂದೊಂದೇ ಬಾಣ ಹಿಂದಕ್ಕೆ ತಿರುಗಿಸುತ್ತಾ ಹೋಗಬೇಕು. ತಿರುಗಿಸುವ ಮುಂಚೆ ಮುಂದಿನ ನೋಡ್‌ನ ವಿಳಾಸ ಎತ್ತಿಟ್ಟುಕೊಳ್ಳದಿದ್ದರೆ ಉಳಿದ ಪಟ್ಟಿ ಕೈತಪ್ಪಿ ಹೋಗುತ್ತದೆ. ಉತ್ತರ ಪತ್ರಿಕೆಯ ಅಂಚಿನಲ್ಲಿ ಡಬ್ಬಿ ಬರೆದೆ. ಈ ಸಲ ಯಾರೂ ಹೇಳಬೇಕಾಗಲಿಲ್ಲ. ಪೂರ್ತಿ ಅಂಕ ಬಂತು.

ಕ್ರಮವಾಗಿರುವ ಅರೇಯ ನಡುವಿನದನ್ನು ನೋಡಿ, ಪ್ರತಿ ಸಲ ಅರ್ಧ ಬಿಡುತ್ತಾ ಹುಡುಕುವ ಬೈನರಿ ಸರ್ಚ್‌ನಲ್ಲಿ ಮಾತ್ರ ಒಂದು ಅಂಕ ಹೋಯಿತು. ನಡುವಿನ ಸ್ಥಾನಕ್ಕಾಗಿ ಕೆಳಗಿನ ಸ್ಥಾನ, ಮೇಲಿನ ಸ್ಥಾನ ಎರಡನ್ನೂ ಕೂಡಿ ಎರಡರಿಂದ ಭಾಗಿಸಿದ್ದೆ. ಅದರಲ್ಲೇನು ತಪ್ಪು? ಮೇಷ್ಟ್ರ ಹತ್ತಿರ ಜಗಳಕ್ಕೇ ಹೋದೆ. ಅವರು ನಕ್ಕರು. 32 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ಅರೇ ತುಂಬಾ ದೊಡ್ಡದಿದ್ದರೆ ಆ ಎರಡು ಸ್ಥಾನ ಕೂಡಿದಾಗ ಇದನ್ನು ಮೀರಿ ಹೋಗಿ, ಮೈನಸ್ ಸಂಖ್ಯೆ ಬಂದರೂ ಬರಬಹುದು. ಕೂಡುವ ಬದಲು ವ್ಯತ್ಯಾಸದ ಅರ್ಧವನ್ನು ಕೆಳಗಿನ ಸ್ಥಾನಕ್ಕೆ ಸೇರಿಸಬೇಕು. “ಬೇಜಾರು ಮಾಡ್ಕೋಬೇಡಿ, ಜಾವಾದ ಲೈಬ್ರರಿಯಲ್ಲೂ ಇದೇ ತಪ್ಪು ವರ್ಷಗಟ್ಟಲೆ ಇತ್ತು. ಹೊರಗೆ ಬಿದ್ದದ್ದು 2006ರಲ್ಲಿ” ಅಂದರು. ಅಂಕ ಮಾತ್ರ ಕೊಡಲಿಲ್ಲ.

ನಾಲ್ಕನೇ ಅಸೈನ್‌ಮೆಂಟ್ ಹ್ಯಾಶ್ ಟೇಬಲ್. ಪೈಥಾನ್‌ನ ಡಿಕ್ಷನರಿ ಒಳಗಿಂದ ನೋಡಿದರೆ ಇದೇ. ಪದವನ್ನು ಒಂದು ಸಂಖ್ಯೆ ಮಾಡಿ, ಆ ಸಂಖ್ಯೆಯ ಖಾನೆಯಲ್ಲಿ ಇಡುವುದು. ಎರಡು ಪದಕ್ಕೆ ಒಂದೇ ಖಾನೆ ಬಂದರೆ ಅಲ್ಲೊಂದು ಪುಟ್ಟ ಲಿಂಕ್ಡ್ ಲಿಸ್ಟ್. ಪದವನ್ನು ಸಂಖ್ಯೆ ಮಾಡುವುದು ಹೇಗೆ? ಪ್ರತಿ ಅಕ್ಷರದ ಸಂಕೇತ ಕೂಡಿಬಿಟ್ಟೆ. ಖಾನೆ 50,000 ಇಟ್ಟೆ. ಧಾರಾಳವಾಯಿತು ಅಂದುಕೊಂಡೆ.

ಉತ್ತರ ಎಲ್ಲ ಸರಿ. ವೇಗ ಮಾತ್ರ ಆಮೆ. ಮೊದಲ ಅಸೈನ್‌ಮೆಂಟ್‌ನ ಪೆಟ್ಟು ನೆನಪಿತ್ತು, ಕಳಿಸುವ ಮುಂಚೆಯೇ ಒಳಗೆ ಇಣುಕಿದೆ. ಯಾವ ಖಾನೆಯಲ್ಲಿ ಎಷ್ಟು ಪದ ಇದೆ ಅಂತ ಮುದ್ರಿಸಿದೆ. 50,000 ಖಾನೆಯಲ್ಲಿ ಬಹುಪಾಲು ಖಾಲಿ! ಇಂಗ್ಲಿಷ್‌ನ ಸಣ್ಣ ಅಕ್ಷರಗಳ ಸಂಕೇತ 97ರಿಂದ 122. ಹತ್ತು ಅಕ್ಷರದ ಪದದ ಮೊತ್ತ 970ರಿಂದ 1,220ರ ಒಳಗೇ ಇರಬೇಕು. ಹತ್ತು ಅಕ್ಷರದ ಪದ ಸಾವಿರಾರು, ಅವಕ್ಕೆ ಸಿಗುವ ಖಾನೆ 251. ಮೇಲಿನ ಸಾವಿರಾರು ಖಾನೆಗಳ ಕಡೆ ಯಾರೂ ಸುಳಿಯುವುದೇ ಇಲ್ಲ. ಸಾಲದ್ದಕ್ಕೆ ‘ಲಿಸನ್’ ಮತ್ತು ‘ಸೈಲೆಂಟ್’ ಎರಡರಲ್ಲೂ ಅವೇ ಆರು ಇಂಗ್ಲಿಷ್ ಅಕ್ಷರ, ಜಾಗ ಮಾತ್ರ ಅದಲುಬದಲು. ಕೂಡಿದರೆ ಮೊತ್ತ ಒಂದೇ.

ಪ್ರತಿ ಅಕ್ಷರಕ್ಕೂ ಇದ್ದ ಮೊತ್ತವನ್ನು 31ರಿಂದ ಗುಣಿಸಿ ಆಮೇಲೆ ಕೂಡಬೇಕು. ಆಗ ಅಕ್ಷರದ ಜಾಗಕ್ಕೂ ಬೆಲೆ ಬರುತ್ತದೆ. ಜಾವಾದ ಸ್ಟ್ರಿಂಗ್ ಹೀಗೇ ಮಾಡುತ್ತದೆ. ಅದರಲ್ಲೂ ಡಿಕ್ಕಿ ತಪ್ಪಿದ್ದಲ್ಲ. ದೊಡ್ಡ ಎ ಮುಂದೆ ಚಿಕ್ಕ ಎ ಬರೆದರೆ 2,112. ಎರಡು ದೊಡ್ಡ ಬಿ ಬರೆದರೂ 2,112. ಇದನ್ನು ಕೈಯಾರೆ ಗುಣಿಸಿ ನೋಡಿ ಗೆಳತಿಗೂ ತೋರಿಸಿದೆ. ಅವಳು “ಇಷ್ಟೊತ್ತು ಇದನ್ನಾ ಮಾಡ್ತಿದ್ದೆ?” ಅಂದಳು. ಹೌದು, ಇದನ್ನೇ. ಅಸೈನ್‌ಮೆಂಟ್‌ಗೆ ಬೇಕಾಗಿರಲಿಲ್ಲ. ಆದರೂ ಮಾಡಿದೆ. ಮೊದಲ ಕೋರ್ಸ್‌ನಲ್ಲಿ ಇಂಥದ್ದು ಒಂದು ಸಲವೂ ಆಗಿರಲಿಲ್ಲ.

ಐದನೆಯದು ಬೈನರಿ ಸರ್ಚ್ ಟ್ರೀ, ಒಂದು ನೋಡ್‌ನ ಕೆಳಗೆ ಹೆಚ್ಚೆಂದರೆ ಎರಡು ಮಕ್ಕಳ ನೋಡ್ ಇರುವ ಮರ. ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ. ರಿಕರ್ಶನ್‌ನಲ್ಲಿ, ಅಂದರೆ ಫಂಕ್ಷನ್ ತನ್ನನ್ನೇ ತಾನು ಕರೆಯುವ ಹಾಗೆ, ಬರೆದರೆ ಎಷ್ಟು ಚಂದ ಅಂದರೆ, ಸೇರಿಸುವ ಫಂಕ್ಷನ್ ಹತ್ತೇ ಸಾಲು. ಎರಡು ಮಕ್ಕಳಿರುವ ನೋಡ್ ಅಳಿಸುವುದು ಸ್ವಲ್ಪ ತಲೆನೋವು. ಬಲಗಡೆಯ ಉಪಮರದಲ್ಲಿ ಅತಿ ಚಿಕ್ಕದನ್ನು ಹುಡುಕಿ ತಂದು ಈ ಜಾಗದಲ್ಲಿ ಕೂರಿಸಬೇಕು. ಚಿತ್ರ ಬರೆದೇ ಮಾಡಿದೆ.

ಪರೀಕ್ಷೆಗೆ ಅಂತ ಒಂದು ಪದಗಳ ಕಡತ ಹಾಕಿದೆ, ಸುಮಾರು 1 ಲಕ್ಷ ಪದ. ಮರ ಅಂದರೆ 17 ಹೆಜ್ಜೆಯಲ್ಲಿ ಸಿಗಬೇಕು, ಎರಡನ್ನು 17 ಸಲ ಗುಣಿಸಿದರೆ 1 ಲಕ್ಷ ದಾಟುತ್ತದಲ್ಲ. ಓಡಿಸಿ ಕಾದೆ. ಕಾದೇ ಕಾದೆ. ಕೊನೆಗೆ ಕಡತ ತೆರೆದು ನೋಡಿ ಹಣೆ ಚಚ್ಚಿಕೊಂಡೆ. ಪದಕೋಶದ ಕಡತ, ಮೊದಲೇ ಅಕಾರಾದಿಯಲ್ಲಿದೆ! ಪ್ರತಿ ಹೊಸ ಪದವೂ ಹಿಂದಿನದಕ್ಕಿಂತ ದೊಡ್ಡದು, ಹಾಗಾಗಿ ಬಲಕ್ಕೆ, ಮತ್ತೆ ಬಲಕ್ಕೆ. ಕೊಂಬೆಯೇ ಇಲ್ಲದ ಮರ. ಅದು ಎರಡನೇ ಅಸೈನ್‌ಮೆಂಟ್‌ನ ಲಿಂಕ್ಡ್ ಲಿಸ್ಟೇ, ವೇಷ ಬೇರೆ. ಕೂಡಿ ನೋಡಿದರೆ 500 ಕೋಟಿ ಹೋಲಿಕೆ.

ಇದಕ್ಕೆ ಮದ್ದೇ ಆರನೆಯ, ಕೊನೆಯ ಅಸೈನ್‌ಮೆಂಟ್: ಎವಿಎಲ್ ಮರ. ಸೋವಿಯತ್ ಗಣಿತಜ್ಞರಾದ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ 1962ರಲ್ಲಿ ಕೊಟ್ಟದ್ದು. ಎ ಮತ್ತು ವಿ ಒಬ್ಬರ ಹೆಸರಿಂದ, ಎಲ್ ಇನ್ನೊಬ್ಬರದು. ಯಾವ ನೋಡ್‌ನಲ್ಲಿ ನೋಡಿದರೂ ಎಡ ಬಲದ ಎತ್ತರದಲ್ಲಿ, ಅಂದರೆ ಎಷ್ಟು ಅಂತಸ್ತು ಅನ್ನುವುದರಲ್ಲಿ, ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಬಂದರೆ ಅಲ್ಲೇ ತಿರುಗಿಸಿ ಸರಿಮಾಡಬೇಕು. ತಿರುಗಿಸುವುದು ಅಂದರೆ ಮಗುವನ್ನು ಮೇಲೆತ್ತಿ ತಾಯಿಯನ್ನು ಕೆಳಗಿಳಿಸುವುದು. ಚಿಕ್ಕದು ಎಡ, ದೊಡ್ಡದು ಬಲ ಅನ್ನುವ ಕ್ರಮ ಇದರಲ್ಲಿ ಕೆಡುವುದೇ ಇಲ್ಲ. ಅದೇ ಇದರ ಸೊಗಸು. ನನಗೆ ಕೈಕೊಟ್ಟದ್ದೂ ಅದೇ.

ಪ್ರತಿ ನೋಡ್ ತನ್ನ ಎತ್ತರವನ್ನು ಬರೆದಿಟ್ಟುಕೊಳ್ಳುತ್ತದೆ. ತಿರುಗಿಸಿದ ಮೇಲೆ ಇಬ್ಬರ ಎತ್ತರವನ್ನೂ ಹೊಸದಾಗಿ ಬರೆಯಬೇಕು. ನಾಲ್ಕು ಥರದ ತಿರುಗಣೆಗೂ ಚಿತ್ರ ಬರೆದೆ. ಬಾಣಗಳೆಲ್ಲ ಸರಿ. ಸೇರಿಸಿ, ಹುಡುಕಿ, ಕ್ರಮವಾಗಿ ಮುದ್ರಿಸಿ ನೋಡಿದೆ. ಎಲ್ಲ ಸರಿ. ವ್ಯಾಲ್‌ಗ್ರಿಂಡ್ ಕೂಡ ಒಂದು ಬೈಟ್ ಸೋರಿಲ್ಲ ಅಂದಿತು. ಕಳಿಸಿದೆ.

20 ಪರೀಕ್ಷೆಯಲ್ಲಿ 19 ಪಾಸ್. ಒಂದು ಫೇಲ್. ಅದು ಎತ್ತರ ಅಳೆಯುವ ಪರೀಕ್ಷೆ. ಎವಿಎಲ್ ಮರದಲ್ಲಿ 10 ಲಕ್ಷ ನೋಡ್ ಇದ್ದರೂ ಎತ್ತರ 28 ದಾಟುವ ಹಾಗಿಲ್ಲ. ನನ್ನದು ದಾಟಿತ್ತು.

ಅಷ್ಟರಲ್ಲಿ ಕೊನೆಯ ಪರೀಕ್ಷೆ ಬಂತು, ಹೋಯಿತು. ಕೋರ್ಸ್ ಪಾಸಾಯಿತು, ಮೊದಲನೆಯದರಷ್ಟು ಅಂಕ ಬರಲಿಲ್ಲ. ಆ ಒಂದು ಪರೀಕ್ಷೆಗೆ ಇದ್ದದ್ದು ಎರಡೋ ಮೂರೋ ಅಂಕ. ಬಿಟ್ಟುಬಿಡಬಹುದಿತ್ತು. ಬಿಟ್ಟೆ ಅಂತಲೇ ಅಂದುಕೊಂಡಿದ್ದೆ. ರಜೆ ಶುರುವಾಗಿ ಎರಡು ವಾರವಾದ ಮೇಲೆ, ಒಂದು ರಾತ್ರಿ ನಿದ್ದೆ ಬಾರದೆ ಎದ್ದು ಕೂತು ಆ ಕಡತ ತೆರೆದೆ.

ಈ ಸಲ ಓಡಿಸಲಿಲ್ಲ. ಕಾಗದ ತೆಗೆದುಕೊಂಡು 1ರಿಂದ ಶುರುಮಾಡಿದೆ. 1, 2, 3 ಸೇರಿಸಿ, ನನ್ನ ಕೋಡ್ ಹೇಳಿದ ಹಾಗೇ ತಿರುಗಿಸಿ, ಪ್ರತಿ ಡಬ್ಬಿಯ ಮೂಲೆಯಲ್ಲಿ ಅದು ಬರೆದುಕೊಳ್ಳುವ ಎತ್ತರವನ್ನೂ ಬರೆಯುತ್ತಾ ಹೋದೆ. ಲ್ಯಾಬ್‌ನಲ್ಲಿ ಬರೆದ ಚಿತ್ರಗಳಲ್ಲಿ ಬಾಣ ಮಾತ್ರ ಇತ್ತು, ಈ ಮೂಲೆಯ ಸಂಖ್ಯೆ ಬರೆದಿರಲೇ ಇಲ್ಲ. 3 ಸೇರಿಸಿದ ತಕ್ಷಣವೇ ಬೇರಿನ, ಅಂದರೆ ಎಲ್ಲಕ್ಕಿಂತ ಮೇಲಿನ ನೋಡ್‌ನ, ಮೂಲೆಯಲ್ಲಿ 4 ಬಂತು. ಮೂರು ನೋಡ್‌ನ ಮರಕ್ಕೆ ಎತ್ತರ 4? ಆದರೂ ಮುಂದುವರಿಸಿದೆ, ಎಲ್ಲಿಗೆ ಹೋಗುತ್ತದೋ ನೋಡೋಣ ಅಂತ. 4 ಸೇರಿಸಿದಾಗ ಆ ಸಂಖ್ಯೆ ತಾನಾಗಿಯೇ ಸರಿಹೋಯಿತು. 5ಕ್ಕೆ ಮತ್ತೆ ಕೆಟ್ಟಿತು, 6ಕ್ಕೆ ಸರಿಹೋಯಿತು. 7ಕ್ಕೆ ಮರವೇ ಎಡಕ್ಕೆ ವಾಲಿತು. 11 ಸೇರಿಸಿ ಮುಗಿದಾಗ ಬೇರಿನಲ್ಲಿ 10 ಕೂತಿತ್ತು. ಅದರ ಬಲಕ್ಕೆ 11 ಒಂದೇ. ಎಡಕ್ಕೆ ಉಳಿದ ಒಂಬತ್ತೂ. ಎತ್ತರ 5. ಎವಿಎಲ್ ಮರ 5 ಎತ್ತರ ಆಗಬೇಕಾದರೆ ಕನಿಷ್ಠ 12 ನೋಡ್ ಬೇಕು.

ತಿರುಗಿಸುವ ಫಂಕ್ಷನ್‌ನ ಕೊನೆಯ ಎರಡು ಸಾಲು ನೋಡಿದೆ. ಮೇಲೆ ಹೋದ ನೋಡ್‌ನ ಎತ್ತರವನ್ನು ಮೊದಲು ಲೆಕ್ಕ ಹಾಕುತ್ತಿದ್ದೆ. ಆದರೆ ಅದರ ಮಗುವಾಗಿ ಕೆಳಗಿಳಿದ ನೋಡ್ ಇನ್ನೂ ತನ್ನ ಹಳೆಯ ಎತ್ತರವನ್ನೇ ಇಟ್ಟುಕೊಂಡಿತ್ತು. ಹಳೆಯ ಸಂಖ್ಯೆಗೆ ಒಂದು ಕೂಡಿ ಮೇಲಿನವನು ಉಬ್ಬುತ್ತಿದ್ದ. ಅದನ್ನು ನಂಬಿ ಅವನ ಮೇಲಿನವರು ಇಲ್ಲದ ಭಾರಕ್ಕೆ ತಿರುಗುತ್ತಿದ್ದರು. ಹುಡುಕಿದರೆ ಎಲ್ಲ ಸಿಗುತ್ತಿತ್ತು, ಮುದ್ರಿಸಿದರೆ ಕ್ರಮವಾಗಿ ಬರುತ್ತಿತ್ತು. ಮರ ಮಾತ್ರ ವಾಲಿಕೊಂಡೇ ನಿಂತಿತ್ತು.

ಎರಡು ಸಾಲನ್ನು ಅದಲುಬದಲು ಮಾಡಿದೆ. ಓಡಿಸುವ ಮುಂಚೆ ಇನ್ನೊಂದು ಹಾಳೆಯಲ್ಲಿ 1ರಿಂದ 11ರವರೆಗೆ ಮತ್ತೆ ಬರೆದೆ. ಬೇರಿನಲ್ಲಿ 4 ಬಂತು, ಎಡಕ್ಕೆ 2, ಬಲಕ್ಕೆ 8, ಎತ್ತರ 4. ಆಮೇಲೆ ಓಡಿಸಿದೆ. ಪರದೆಯ ಮೇಲೂ ಬೇರಿನಲ್ಲಿ 4 ಇತ್ತು.